ಚೀಟಿಯಿಲ್ಲದ ಸಿರಿಂಜು

ಮಂಡಿಯ ಆಪರೇಷನ್ನಿಗೆ ಸೋದರತ್ತೆ ಒಪ್ಪಿದ್ದೇ ಒಂದು ಷರತ್ತಿನ ಮೇಲೆ: ಬೆನ್ನಿಗೆ ಸೂಜಿ ಚುಚ್ಚುವವಳು ಅಣ್ಣನ ಮಗಳೇ ಆಗಬೇಕು. ಅವಳು ಅರಿವಳಿಕೆ ಡಾಕ್ಟರು. ಮನೆಯವರಿಗೆ ತಾನು ಅರಿವಳಿಕೆ ಕೊಡುವುದಿಲ್ಲವೆಂದು ಎಷ್ಟು ಹೇಳಿದರೂ ಅತ್ತೆ ಜಪ್ಪಯ್ಯ ಅನ್ನಲಿಲ್ಲ. ಹಟದಲ್ಲಾಗಲಿ ಮಾತಿನಲ್ಲಾಗಲಿ ಅವರನ್ನು ಮೀರಿಸುವವರು ಮನೆತನದಲ್ಲೇ ಇಲ್ಲ.

ಕೆಲಸಕ್ಕೊಂದು ಕ್ರಮವಿತ್ತು. ನರ್ಸ್ ಮದ್ದಿನ ಹೆಸರನ್ನು ಗಟ್ಟಿಯಾಗಿ ಓದಬೇಕು, ಡಾಕ್ಟರು ಅದನ್ನೇ ಮತ್ತೆ ಹೇಳಬೇಕು, ಸಿರಿಂಜಿಗೆ ಎಳೆದ ಕೂಡಲೇ ಚೀಟಿ ಅಂಟಿಸಬೇಕು. ಸರಿಯಾಗಿ ಆ ಹೊತ್ತಿಗೇ ಅತ್ತೆ, “ಅಲ್ಲ ಕಣೇ, ನಾನು ಎಚ್ಚರವಾಗೇ ಇರ್ತೀನಾ? ಗರಗಸದ ಸದ್ದೂ ಕೇಳುತ್ತಾ?” ಎಂದು ಶುರು ಹಚ್ಚಿಕೊಂಡರು. ಇಬ್ಬರೂ ನಗುತ್ತ, ಸಮಾಧಾನ ಹೇಳುತ್ತ ಕೈ ಓಡಿಸಿದರು.

ಕಾಲು ಮರಗಟ್ಟಿತು, ಸರ್ಜನ್ ಕೆಲಸ ಶುರುಮಾಡಿದರು. ರಕ್ತ ಹೆಚ್ಚು ಹರಿಯದಿರಲೆಂದು ರಕ್ತನಾಳಕ್ಕೆ ಕೊಡಬೇಕಾದ ಸಿರಿಂಜನ್ನು ಎತ್ತಿಕೊಂಡವಳು ಅದನ್ನು ತಿರುಗಿಸಿ ನೋಡಿದಳು. ಅದರ ಮೇಲೆ ಚೀಟಿಯಿರಲಿಲ್ಲ. ನೋವನ್ನು ಹೆಚ್ಚು ಹೊತ್ತು ತಡೆಯಲಿ ಎಂದು ಬೆನ್ನಿನ ಮದ್ದಿಗೆ ಬೆರೆಸುವ ಇನ್ನೊಂದು ಮದ್ದೂ ಹೀಗೆಯೇ, ನೀರಿನಷ್ಟು ತಿಳಿ. ಬೆರೆಸಿದ್ದು ಯಾವುದು, ಉಳಿದದ್ದು ಯಾವುದು? ರಕ್ತನಾಳದ್ದು ಬೆನ್ನಿಗೆ ಹೋಗಿದ್ದರೆ ಮೊದಲು ಫಿಟ್ಸ್, ಆಮೇಲೆ ಅತ್ತೆ ಉಳಿಯುವುದೇ ಕಷ್ಟ.

“ಸಿಸ್ಟರ್, ಇದು ಯಾವುದು?”

ಮಾಸ್ಕಿನ ಮೇಲೆ ನರ್ಸಿನ ಕಣ್ಣು ಅಗಲವಾಯಿತು. “ನೀವು ನೋಡಿಕೊಂಡ್ರಿ ಅಂದ್ಕೊಂಡೆ ಮೇಡಂ.”

ನರ್ಸ್ ಮದ್ದಿನ ಹೆಸರು ಓದಿರುತ್ತಾಳೆ ಎಂದು ಅವಳೂ ಅಂದುಕೊಂಡಿದ್ದಳು. ಸರ್ಜನ್ನರ ಕಿವಿಗೆ ಹಾಕಿದಳು. ಅವರ ಕೈ ಅಲ್ಲೇ ನಿಂತಿತು. ಅವಳು ಆ ಸಿರಿಂಜನ್ನು ಎಸೆದು, ಫಿಟ್ಸ್ ತಡೆಯುವ ಮದ್ದು ಸಿದ್ಧಮಾಡಿ, ಚೀಟಿ ಅಂಟಿಸಿ, ಅತ್ತೆಯ ತಲೆಯ ಬಳಿ ಮೈಯೆಲ್ಲ ಕಣ್ಣಾಗಿ ನಿಂತಳು.

ಸದಾ ವಟಗುಟ್ಟುವ ಅತ್ತೆ ಈಗ ತುಟಿ ಬಿಚ್ಚುತ್ತಿಲ್ಲ. ಮಾತಾಡಿ ಅತ್ತೆ, ಬೈದರೂ ಸರಿ, ಮಾತಾಡಿ ಎಂದು ಅವಳು ಮನಸ್ಸಿನಲ್ಲೇ ಅಂಗಲಾಚಿದಳು. ಅಷ್ಟರಲ್ಲಿ ಅತ್ತೆಯ ಮುಖ ಸೊಟ್ಟಗಾಯಿತು. ಕೈ ಮೆಲ್ಲಗೆ ಮೇಲೆದ್ದಿತು, ಬೆರಳು ಅದುರಿದವು. ಮುಗಿಯಿತು ಎಂದುಕೊಂಡು ಅವಳು ಮದ್ದಿಗೆ ಕೈಹಾಕಿದಳು.

ಬೆರಳುಗಳು ಮೂಗಿನ ಮೇಲೆ ಹೋಗಿ ಪರಪರನೆ ಕೆರೆದವು.

“ಹಾಳು ತುರಿಕೆ! ಅದೇನು ಹಾಕಿದೀಯೇ ಬೆನ್ನಿಗೆ?”

ಬೆರೆಸಬೇಕಾದ ಮದ್ದಿನ ಗುಣವೇ ಅದು. ನೋವನ್ನು ತಡೆದು ಮೂಗು ತುರಿಸುತ್ತದೆ. ರಕ್ತನಾಳದ ಮದ್ದಿಗೆ ಆ ಗುಣವಿಲ್ಲ. ಹೋದ ಜೀವ ಬಂದಂತಾಗಿ ಅವಳು ಫಿಟ್ಸಿನ ಮದ್ದನ್ನು ಕೆಳಗಿಟ್ಟಳು.

“ಬಿಡಿ ಅತ್ತೆ, ನಾನು ಕೆರೀತೀನಿ,” ಎಂದು ಬಾಗಿದಳು. ತಡೆದರೂ ಕಣ್ಣೀರು ಅತ್ತೆಯ ಹಣೆಯ ಮೇಲೆ ಬಿತ್ತು.

“ಚೆನ್ನಾಗಿದೆ,” ಎಂದರು ಅತ್ತೆ. “ತುರಿಕೆ ನನಗೆ, ಅಳೋದು ನೀನಾ?”