ಬೆಳ್ಳಗುಳಿದ ಬಟ್ಟಲು

ಶನಿವಾರ ಬೆಳಿಗ್ಗೆ ಮಿನಿಯಾ ನೆಲಮಾಳಿಗೆಗೆ ಇಳಿದು ಕೊನೆಯ ಪೀಪಾಯಿಯ ನಲ್ಲಿ ತಿರುಗಿಸಿದಳು. ಅರ್ಧ ಹೂಜಿಯೂ ತುಂಬಲಿಲ್ಲ. ಗೊರಗೊರ ಸದ್ದು, ಅದರ ಹಿಂದೆ ಒಂದಿಷ್ಟು ಗಸಿ, ಅಷ್ಟೆ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿದಳು. ಟೊಳ್ಳು ಸದ್ದು ಬಂತು.

ಮನೆಯ ವೈನು ಮುಗಿದ ಗಳಿಗೆಗೇ ಬಾಗಿಲ ಮೇಲಿನ ಲಾರೆಲ್ ಕೊಂಬೆ ಕೆಳಗಿಳಿಯಬೇಕು. ಸಾಲ್ನೆಸ್ ಕಣಿವೆಯ ಜನ ಬೋರ್ಡು ಹುಡುಕುವುದಿಲ್ಲ, ಕೊಂಬೆ ನೋಡಿ ಕುಡಿಯಲು, ಉಣ್ಣಲು ಒಳಗೆ ಬರುತ್ತಾರೆ. ಅದು ನೇತಾಡುತ್ತಿದ್ದರೆ ಒಳಗಿರುವುದು ಆ ಮನೆಯ ಬಳ್ಳಿಯದೇ ವೈನು. ಮಿನಿಯಾಳ ಅಪ್ಪ ಎವಾರಿಸ್ತೊ ನಲವತ್ತು ವಸಂತಗಳಿಂದ ಹೀಗೇ ನಡೆಸಿಕೊಂಡು ಬಂದವನು. ಒಂದು ವರ್ಷವಂತೂ ಅಂಗಳ ತುಂಬ ಜನ ಕೂತು ಉಣ್ಣುತ್ತಿರುವಾಗಲೇ ಏಣಿ ಹಾಕಿ ಕೊಂಬೆ ಇಳಿಸಿ, "ಉಂಡು ಹೋಗಿ, ಕುಡಿಯೋಕೆ ಬಾವಿ ನೀರಿದೆ" ಅಂದಿದ್ದ.

ಆದರೆ ಭಾನುವಾರ ಸಾಂತಿಯಾಗೊದಿಂದ ಮಿನಿಯಾಳ ಗೆಳತಿಯರು ಬರುವವರಿದ್ದರು. ಗೆಳತಿಯರು ಎನ್ನುವುದೂ ಹೆಚ್ಚೇ. ವಿಶ್ವವಿದ್ಯಾಲಯದ ನಾಲ್ಕು ವರ್ಷಗಳಲ್ಲಿ ತರಗತಿಯ ಹಿಂದಿನ ಸಾಲಿನಲ್ಲಿ ಪಕ್ಕಕ್ಕೆ ಕೂತ ಮೂವರು. ಪದವಿ ಮುಗಿದ ಮೇಲೆ, ಎಂದೂ ಬಾಯಿಬಿಡದವಳು ಅದು ಹೇಗೋ ಧೈರ್ಯ ಮಾಡಿ ಕರೆದಿದ್ದಳು. ನಮ್ಮ ವೈನು ಬಿಳಿ ಬಟ್ಟಲಿಗೆ ನೇರಳೆ ಬಣ್ಣ ಬಳಿಯುತ್ತದೆ, ತುಟಿಗೂ ಬಳಿಯುತ್ತದೆ, ಎರಡು ದಿನ ಹೋಗುವುದಿಲ್ಲ ಎಂದೆಲ್ಲ ಕೊಚ್ಚಿಕೊಂಡಿದ್ದಳು. ಈಗ ಅವರ ಮುಂದೆ ಬಾವಿ ನೀರು ಇಡುವುದೇ?

ಅಪ್ಪನ ಮಂಡಿ ಸರಿಯಿರಲಿಲ್ಲ, ಮೆಟ್ಟಿಲಿಳಿದು ನೋಡುವ ಭಯವಿಲ್ಲ. ಕಾರು ತೆಗೆದುಕೊಂಡು ಪೇಟೆಗೆ ಹೋದಳು. ಬಯಲುಸೀಮೆಯ ಕೆಂಪು ವೈನನ್ನು ನಾಲ್ಕು ಕ್ಯಾನು ತಂದು ಪೀಪಾಯಿಗೆ ಸುರಿದಳು. ಒಂದೇ ದಿನಕ್ಕೆ, ನಾಳೆ ಸಂಜೆ ನಾನೇ ಕೊಂಬೆ ಇಳಿಸಿಬಿಡುತ್ತೇನೆ ಎಂದುಕೊಂಡಳು.

ಗೆಳತಿಯರು ಬಂದರು, ಎರಡು ಬಟ್ಟಲು ಕುಡಿದರು, ಚಪ್ಪರದ ಕೆಳಗೆ ಫೋಟೊ ತೆಗೆಸಿಕೊಂಡರು. "ಎಷ್ಟು ಹಗುರವಾಗಿದೆ ಕಣೆ, ನೀನು ಸುಮ್ಮನೆ ಹೆದರಿಸಿದ್ದೆ" ಎಂದು ನಕ್ಕು ಮೂರು ಗಂಟೆಯ ಬಸ್ಸು ಹತ್ತಿದರು. ಗಂಡಾಂತರ ಕಳೆಯಿತು ಎಂದುಕೊಂಡು ಮಿನಿಯಾ ಅಂಗಳಕ್ಕೆ ಮರಳಿದರೆ, ಮೂಲೆಯ ಬೆಂಚಿನಲ್ಲಿ ಪಕ್ಕದ ತೋಟದ ಬಾಲ್ಬಿನಜ್ಜ ಮತ್ತು ಅವನ ಇಸ್ಪೀಟಿನ ಜೋಡಿ ರೆಮಿಜಿಯೊ ಆಗಲೇ ಕೂತಿದ್ದರು.

"ಏನೇ ಮಿನಿಯಾ, ಇಷ್ಟು ಹೊತ್ತಾ? ದ್ರಾಕ್ಷಿ ಕೊಯ್ಕೊಂಡು ಬರೋಕೆ ಹೋಗಿದ್ಯಾ?" ಎಂದ ಬಾಲ್ಬಿನಜ್ಜ.

ಅವಳು ಹೂಜಿ ಇಟ್ಟು, ಬೇಯಿಸಿದ ಹಂದಿ ಕಿವಿಯ ತಟ್ಟೆ ತರಲು ಅಡುಗೆಮನೆಗೆ ಹೋದಳು. ಬರುವಷ್ಟರಲ್ಲಿ ಅಜ್ಜ ಬಟ್ಟಲನ್ನು ಬಿಸಿಲಿಗೆ ವಾಲಿಸಿ ಹಿಡಿದು ನೋಡುತ್ತಿದ್ದ.

"ರೆಮಿಜಿಯೊ, ಇಲ್ನೋಡೋ. ತೊಳೆದಿಟ್ಟ ಹಾಗಿದೆ."

"ನಿನ್ನ ಕಣ್ಣಿಗೆ ಪೊರೆ ಬಂದಿದೆ."

"ಪೊರೆ ಬಂದಿದ್ರೆ ಎಲ್ಲಾನೂ ಬೆಳ್ಳಗೆ ಕಾಣ್ಬೇಕಿತ್ತು. ನಿನ್ನ ಮೂಗು ಕೆಂಪಗೇ ಇದೆಯಲ್ಲ?"

ಪಕ್ಕದ ಮೇಜಿನವರು ನಕ್ಕರು. ನಕ್ಕವರೂ ತಮ್ಮ ತಮ್ಮ ಬಟ್ಟಲು ವಾಲಿಸಿ ನೋಡಿಕೊಂಡರು. ನಗು ನಿಂತಿತು. ಬಾಲ್ಬಿನಜ್ಜ ದನಿ ತಗ್ಗಿಸಿ, "ಎವಾರಿಸ್ತೊ ಕೈ ಸೋತಿದೆ ಕಣೋ. ವಯಸ್ಸು ಯಾರನ್ನ ಬಿಟ್ಟಿದೆ?" ಎಂದ. ಆ ಮಾತಿನಲ್ಲಿ ಚುಚ್ಚು ಇರಲಿಲ್ಲ, ಕನಿಕರವಿತ್ತು. ಮಿನಿಯಾಳ ಕಿವಿ ಕಾದವು.

ಅಷ್ಟರಲ್ಲಿ ಅಪ್ಪ ಕುಂಟುತ್ತ ಹೊರಗೆ ಬಂದ. ಕೇಳಿಸಿಕೊಂಡಿದ್ದ.

ಚಳಿಗಾಲದ ಜ್ವರದ ನಂತರ ಎವಾರಿಸ್ತೊನ ಮೂಗು ಸತ್ತಿತ್ತು. ವಾಸನೆಯಿಲ್ಲ, ಅದರೊಂದಿಗೆ ವೈನಿನ ರುಚಿಯೂ ಇಲ್ಲ. ಈ ವಿಷಯ ಗೊತ್ತಿದ್ದದ್ದು ಹೆಂಡತಿ ದೋಸಿಂದಾಗೆ ಮತ್ತು ಮಗಳಿಗೆ ಮಾತ್ರ. ಈ ವರ್ಷವೆಲ್ಲ ಅವನು ಬಣ್ಣ ನೋಡಿಯೇ ತನ್ನ ವೈನನ್ನು ನಂಬಿಕೊಂಡಿದ್ದ.

ಈಗ ಬಾಲ್ಬಿನಜ್ಜನ ಬಟ್ಟಲು ತೆಗೆದುಕೊಂಡು ಒಳಬದಿಯನ್ನು ಹೆಬ್ಬೆರಳಿನಿಂದ ಉಜ್ಜಿದ. ಬೆರಳು ನೋಡಿದ. ಇನ್ನೊಮ್ಮೆ ಉಜ್ಜಿದ.

"ಹೌದು ಬಾಲ್ಬಿನಣ್ಣಾ," ಎಂದ. "ಕೆಟ್ಟಿದೆ. ನನಗೆ ಗೊತ್ತೇ ಆಗ್ಲಿಲ್ಲ. ಬರೋ ವರ್ಷ ಕೊಂಬೆ ಕಟ್ಟಲ್ಲ. ಬಳ್ಳಿ ಬೇಕಾದ್ರೆ ನಿನ್ನ ಅಳಿಯ ನೋಡ್ಕೊಳ್ಳಲಿ."

ಅಪ್ಪ ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ಮಿನಿಯಾ ಕೇಳಿರಲಿಲ್ಲ. ಮೈಯೆಲ್ಲ ಹಿಡಿಯಾಯಿತು. ಅಂಗಳದ ಅಷ್ಟೂ ಜನ ಅಪ್ಪನನ್ನೇ ನೋಡುತ್ತಿದ್ದರು.

"ಅದು ನಮ್ಮ ವೈನಲ್ಲ," ಎಂದಳು. ಯಾರಿಗೂ ಕೇಳಿಸಲಿಲ್ಲ. ಮತ್ತೆ ಹೇಳಿದಳು. "ನಮ್ಮದಲ್ಲ ಅದು. ಪೇಟೆಯಿಂದ ತಂದಿದ್ದು. ನಮ್ಮದು ನಿನ್ನೆನೇ ಮುಗೀತು. ನಾನು..."

"ನಾನೇ ತರಿಸಿದ್ದು," ಎಂದ ಎವಾರಿಸ್ತೊ.

ಎಲ್ಲರ ಮುಖ ಅವನ ಕಡೆ ತಿರುಗಿತು.

"ಭಾನುವಾರ ಜನ ಬರ್ತಾರೆ, ತಂದು ಸುರಿ ಅಂತ ನಾನೇ ಹುಡುಗಿಗೆ ಹೇಳ್ದೆ. ತಪ್ಪಾಯ್ತು."

"ಇಲ್ಲ! ಅಪ್ಪಂಗೆ ಗೊತ್ತೇ ಇರ್ಲಿಲ್ಲ! ಈಗಷ್ಟೇ..."

"ಬಿಡು ಮಗಳೇ," ಎಂದ ಬಾಲ್ಬಿನಜ್ಜ. ಕೋಲು ಹಿಡಿದು ಎದ್ದಿದ್ದ. "ಅಪ್ಪನ ಮಾನ ಉಳಿಸ್ಬೇಕು ಅಂತ ನಿನಗೆ ಅನ್ಸೋದು ಸರಿನೇ. ಆದ್ರೆ ಗೊತ್ತಿರ್ಲಿಲ್ಲ ಅಂತ ಆಗ ಅವನೂ ಅಂದ, ಈಗ ನೀನೂ ಅಂತೀಯ, ಯಾರು ನಂಬ್ತಾರೆ? ಈ ಕಣಿವೇಲಿ ಇವನ ಮೂಗಿಗೆ ಸಿಕ್ಕದೇ ತಪ್ಪಿಸ್ಕೊಂಡ ವೈನು ಯಾವುದಿದೆ?"

ಮಿನಿಯಾ ಬಾಯಿ ತೆರೆದಳು. ಅಪ್ಪ ಅವಳತ್ತ ನೋಡಿದ. ಹೆದರಿದ ನೋಟ ಅದು, ಬೇಡ ಎಂದು ಬೇಡುವ ನೋಟ. ಹೇಳಬೇಕಿದ್ದ ಒಂದೇ ಮಾತನ್ನು ಅವಳು ನುಂಗಿಕೊಂಡಳು.

ಜನ ಒಬ್ಬೊಬ್ಬರಾಗಿ ಎದ್ದರು. ಯಾರೂ ಬೈಯಲಿಲ್ಲ. ಬೆಂಚುಗಳನ್ನು ಸದ್ದಾಗದಂತೆ ಸರಿಸಿ, ದೋಸಿಂದಾಗೆ ಅಡುಗೆ ಚೆನ್ನಾಗಿತ್ತು ಎಂದು ಹೇಳಿ ಹೋದರು. ರೆಮಿಜಿಯೊ ಮಾತ್ರ ಬಾಗಿಲಲ್ಲಿ ನಿಂತು ಮೇಲೆ ಕೊಂಬೆಯತ್ತ ನೋಡಿ, ಟೋಪಿ ಹಾಕಿಕೊಂಡು ನಡೆದ.

ಅಪ್ಪ ಬೆಂಚಿನ ಮೇಲೆ ಕೂತ. ಮಿನಿಯಾ ಎದುರಿಗೆ ನಿಂತಳು, ಬೈಯಲಿ ಎಂದು ಕಾಯುತ್ತ. ಕೆನ್ನೆಗೆ ಬಾರಿಸಿದರೂ ಸರಿ ಎಂದುಕೊಂಡಳು.

"ಹಾಗಾದ್ರೆ," ಎಂದ ಅವನು, ಅವಳ ಮುಖ ನೋಡದೆ, "ನಮ್ಮದು ಕೆಟ್ಟಿರ್ಲಿಲ್ವಾ?"

"ಇಲ್ಲ ಅಪ್ಪ."

"ಕೊನೇವರೆಗೂ?"

"ಕೊನೇವರೆಗೂ ಬಣ್ಣ ಬಿಡ್ತಿತ್ತು. ನಿನ್ನೆ ಬೆಳಿಗ್ಗೇನೂ."

ಅವನ ಮುಖ ಅರಳಿತು. ಆಣೆಗೂ ಅರಳಿತು, ಅದನ್ನು ಮಿನಿಯಾಗೆ ನೋಡಲಾಗಲಿಲ್ಲ. ಹಸಿವಾಗ್ತಿದೆ ಎಂದು ಹೆಂಡತಿಯನ್ನು ಕೂಗಿ, ಮತ್ತಿ ಮೀನು ತುಂಬಿ ಸುಟ್ಟ ಎಂಪನಾಡ ರೊಟ್ಟಿಯ ಒಂದು ತುಂಡು ತರಿಸಿಕೊಂಡ. ರುಚಿ ಬಲ್ಲವನ ಹಾಗೆ ನಿಧಾನವಾಗಿ ಅಗಿಯುತ್ತ, ಪಕ್ಕದಲ್ಲಿ ಜಾಗ ಸರಿಸಿಕೊಟ್ಟು, "ಕೂತ್ಕೋ, ನೀನೂ ಬೆಳಿಗ್ಗೆಯಿಂದ ತಿಂದಿಲ್ಲ" ಎಂದ.