ಎಣ್ಣೆ ಕುಡಿಯುವ ಬೆಂಡು

ಲಿಂಗರಾಜು ಕೆಂಪರಾಜುವಿನ ಎದೆಯ ಮೇಲೆ ಮಂಡಿಯೂರಿ ಕೂತು, ಕರ್ರಗೆ ನೆನೆದ ಬೆಂಡನ್ನು ಅವನ ಬಾಯೊಳಕ್ಕೆ ಹಿಂಡಿದ.

"ಕುಡಿಲಾ! ನಿಂದೇ ಎಣ್ಣೆ ಕಣ್ಲಾ! ನಮ್ಮವ್ವನ ಎಮ್ಮೆ ಕುಡ್ದಿದ್ದೂ ಇದ್ನೇಯ!"

ಭಾಗ್ಯಲಕ್ಷ್ಮಿ ಅಣ್ಣ ಲಿಂಗರಾಜುವಿನ ಕಾಲರ್ ಹಿಡಿದು ಜಗ್ಗಿದಳು. ಕಾಲರ್ ಹರಿದು ಕೈಗೆ ಬಂತು, ಅಣ್ಣ ಬರಲಿಲ್ಲ.

ಬೆಂಡು ಅವಳು ಮಾಡಿದ್ದು. ಮಂಡ್ಯದ ಕಾಲೇಜಿನ ಲ್ಯಾಬಿನಲ್ಲಿ ಕಬ್ಬಿನ ಸಿಪ್ಪೆ ಬೇಯಿಸಿ, ತೊಳೆದು, ನಾರನ್ನು ಗಂಜಿ ಮಾಡಿ, ಹೆಪ್ಪುಗಟ್ಟಿಸಿ ಒಣಗಿಸಿ, ನೀರು ಹಿಡಿಯದ ಲೇಪ ಕೊಡುತ್ತಿದ್ದಳು. ಅವಳು ಅದನ್ನು ಏರೋಜೆಲ್ ಅಂದರೆ ಅವಳೂರು ಕೊತ್ತತ್ತಿಯವರು ಬೆಂಡು ಅಂದರು. ಕಡಲೆಪುರಿಯಷ್ಟು ಹಗುರ. ನಾಲೆಗೆ ಬಿಟ್ಟರೆ ನೀರನ್ನು ಮುಟ್ಟದೆ ಎಣ್ಣೆಯನ್ನಷ್ಟೇ ಹೀರುತ್ತಿತ್ತು.

ನಾಲೆಯ ಮೇಲುಗಡೆ ಕೆಂಪರಾಜುವಿನ ಶೆಡ್ಡು. ಹಳೇ ಟಯರು ಕಾಯಿಸಿ ಎಣ್ಣೆ ಇಳಿಸುವ ದಂಧೆ; ಸೋರಿದ್ದೆಲ್ಲ ನಾಲೆಗೆ. ಅವಳು ನಾಲೆಗೆ ಅಡ್ಡಲಾಗಿ ಬಲೆಯಲ್ಲಿ ಬೆಂಡು ಕಟ್ಟಿದ ಮೇಲೆ ನೀರು ತಿಳಿಯಾಯಿತು, ದೂರು ಕೊಟ್ಟವರು ಸುಮ್ಮನಾದರು. ಅದೇ ಸಮಯ ನೋಡಿ ಕೆಂಪರಾಜು ಇನ್ನೊಂದು ಒಲೆ ಹಚ್ಚಿದ. ಬೆಂಡು ತುಂಬಿ ಸೋರಿತು. ಇವತ್ತು ಬೆಳಿಗ್ಗೆ ಆ ನೀರು ಕುಡಿದ ಎಮ್ಮೆ ನೊರೆ ಕಾರಿ ಸತ್ತಿತು.

ಶೆಡ್ಡಿನ ಆಳು ಚಿಕ್ಕಮಾದು ಹಾರೆ ಹಿಡಿದು ಓಡಿಬಂದ. ಮೊದಲ ಏಟು ಲಿಂಗರಾಜುವಿನ ಬೆನ್ನಿಗೆ. ಅವನು ಮಗುಚಿ ಬಿದ್ದು ನೆಲಕ್ಕೆ ಕೈಯೂರಿದಾಗ ಇನ್ನೊಂದು ಮುಂಗೈಗೆ. ಮೂಳೆ ಚರ್ಮ ಸೀಳಿ ಹೊರಗೆ ಬಂತು. ಭಾಗ್ಯಲಕ್ಷ್ಮಿ ಕಲ್ಲೆತ್ತಿ ಚಿಕ್ಕಮಾದುವಿನ ಹಣೆಗೆ ಬೀಸಿದಳು; ರಕ್ತ ಕಣ್ಣಿಗಿಳಿದು ಅವನು ಹಾರೆ ಕೆಡವಿದ.

"ಸಾಕು ಬುಡ್ರಲಾ!" ಕೆಂಪರಾಜು ಎದ್ದು ಕೂತು ಕರೀ ಉಗುಳು ಉಗಿದು, ಲುಂಗಿಯ ತುದಿಯಲ್ಲಿ ನಾಲಿಗೆ ಒರೆಸಿಕೊಂಡ. "ನೋಡವ್ವ, ನಿನ್ ಬೆಂಡು ಬೋ ಚೆಂದಾಗ್ ಕೆಲ್ಸ ಮಾಡ್ತದೆ. ಕಾಲೇಜಲ್ಲಿ ಒಣಗ್ಸೋ ಮಿಷಿನ್ಗೆ ಪಾಳಿ ಕಾಯ್ತೀಯಂತಲ್ಲ? ಅದಕ್ಕಿಂತ ದೊಡ್ಡದು ತರುಸ್ತೀನಿ, ನಿನ್ ಹೆಸರಲ್ಲೇ. ನೀನು ಮಾಡ್ತಿರು, ನಾನು ನಾಲೇಗೆ ಕಟ್ತಿರ್ತೀನಿ. ನಿಮ್ಮಣ್ಣನ ಕೈನೂ ಮೈಸೂರಲ್ಲಿ ಸರಿ ಮಾಡುಸ್ತೀನಿ."

ಆ ಮಿಷಿನ್ನು ಅವಳಿಗೆ ಬೇಕಿತ್ತು. ಅದಕ್ಕಾಗಿ ಅಲೆಯದ ಕಚೇರಿ ಇರಲಿಲ್ಲ. ಒಂದು ಗಳಿಗೆ ಒಪ್ಪಿಬಿಡಬೇಕೆನ್ನಿಸಿತು, ಅವಳಿಗೇ ನಾಚಿಕೆಯಾಗುವ ಹಾಗೆ.

"ಒಲೆ ಆರುಸ್ತೀರಾ?"

"ಒಲೆ ಯಾಕವ್ವ ಆರುಸ್ಬೇಕು? ನೀನಿದ್ದೀಯಲ್ಲ!" ಕೆಂಪರಾಜು ನಕ್ಕ. ಹಲ್ಲೆಲ್ಲ ಕರ್ರಗಿತ್ತು.

ಅವಳು ಅಣ್ಣನ ಮುಂಗೈಗೆ ದುಪಟ್ಟಾ ಸುತ್ತಿ ಬಿಗಿದಳು. ಅವನು ಚೀರಿದ. ಇನ್ನೊಂದು ಸುತ್ತು ಬಿಗಿದು ಕೆಂಪರಾಜುವಿನತ್ತ ತಿರುಗಿದಳು.

"ಇನ್ನೊಂದ್ ಬೆಂಡೂ ಮಾಡಾಕಿಲ್ಲ ಕಣಯ್ಯ."