ಮೂಗುದಾರ

ತಮ್ಮ ಸಂಜೆ ಬಂದು ಬೈತಾನೆ, ಅಷ್ಟೇ ತಾನೆ? ಬೈಯಲಿ. ಒಂದಷ್ಟು ದಿನ ಮಾತು ಬಿಡಬಹುದು, ಅಮ್ಮನ ಮುಂದೆ ತಟ್ಟೆ ಕುಕ್ಕಬಹುದು. ಆದರೆ ಆಗಲ್ಲ ಅಂದಿದ್ದರೆ ನಾಳೆ ಬೇರೆ ಯಾರ ಕೈಲೋ ಮಾಡಿಸಿಕೊಳ್ಳುತ್ತಿದ್ದ. ಅದಕ್ಕಿಂತ ಇದೇ ವಾಸಿ ಅಲ್ಲವೆ? ಅಥವಾ ಮುಖಕ್ಕೆ ಹೊಡೆದ ಹಾಗೆ ಆಗಲ್ಲ ಅಂತಲೇ ಅಂದುಬಿಡಬೇಕಿತ್ತೆ?

ಅಣ್ಣ ವ್ಯಾನಿನ ಬಾನೆಟ್ಟಿನೊಳಗೆ ತಲೆಯಿಟ್ಟುಕೊಂಡು ನಿಂತಿದ್ದ. ಕೈಯಲ್ಲಿ ಕಟಿಂಗ್ ಪ್ಲೇಯರ್. ಎದುರಿಗೆ ಒಂದು ಕಪ್ಪು ಪೆಟ್ಟಿಗೆ, ಅದರಿಂದ ಹೊರಟ ತಂತಿ. ಪಾರ್ಸೆಲ್ ಕಂಪನಿಯ ಶೆಡ್ಡಿನಲ್ಲಿ ಅವನು ಮೆಕ್ಯಾನಿಕ್. ಎಲ್ಲ ವ್ಯಾನುಗಳಿಗೂ ಆ ಪೆಟ್ಟಿಗೆ ಕೂರಿಸಿದವನು ಅವನೇ. ಅದು ಇರುವವರೆಗೆ ಎಷ್ಟು ತುಳಿದರೂ ಗಾಡಿ ಅರವತ್ತು ದಾಟುವುದಿಲ್ಲ. ಡ್ರೈವರುಗಳು ಅದನ್ನು ಮೂಗುದಾರ ಅನ್ನುತ್ತಿದ್ದರು. ಒಬ್ಬೊಬ್ಬರಾಗಿ ಎಲ್ಲರೂ ಕದ್ದು ಕತ್ತರಿಸಿಕೊಂಡಿದ್ದರು, ಅವನು ನೋಡಿಯೂ ನೋಡದವನಂತೆ ಇದ್ದ. ಮೂಗುದಾರ ಉಳಿದದ್ದು ತಮ್ಮನ ಗಾಡಿಗೆ ಮಾತ್ರ.

ಹೊರಗೆ ಡಬ್ಬಗಳನ್ನು ತುಂಬುತ್ತಿದ್ದವರ ಗಲಾಟೆ ಕೇಳುತ್ತಿತ್ತು.

"ಏನಜ್ಜಿ, ಇನ್ನೂ ಹೊರಟಿಲ್ವಾ? ಮೊಣಕಾಲು ನೋವಾ?" ಅದು ರಾಕೆಟ್ಟಿನ ಧ್ವನಿ. ಎಲ್ಲರಿಗಿಂತ ಮೊದಲು ಖಾಲಿ ಗಾಡಿ ತಂದು ನಿಲ್ಲಿಸುವವನಾದ್ದರಿಂದ ಅವನಿಗೆ ಆ ಹೆಸರು. ತಮ್ಮನಿಗೆ ಅಜ್ಜಿ ಅಂತ ಹೆಸರಿಟ್ಟವನೂ ಅವನೇ.

"ಪಾಪ, ಸುಮ್ನಿರೋ. ನಾವು ಉಂಡು ಕೈ ತೊಳೆಯೋ ಹೊತ್ತಿಗೆ ತಲುಪ್ತಾಳೆ," ಅಂದ ಇನ್ನೊಬ್ಬ.

ಶೆಡ್ಡಿಗೆ ಶೆಡ್ಡೇ ನಕ್ಕಿತು. ತಮ್ಮನೂ ನಕ್ಕ. ಅಣ್ಣನಿಗೆ ತಡೆಯಲಾಗದೆ ಹೋದದ್ದು ಆ ನಗು.

ಹಿಂದಿನ ದಿನ ಮನೆಯಲ್ಲಿ ತಮ್ಮ ಅಂಗಲಾಚಿದ್ದ. "ಒಂದು ತಂತಿ ಕಣಣ್ಣ. ನನಗೋಸ್ಕರ."

"ಸಾಯ್ತೀಯ."

"ದಿನಾ ಸಾಯ್ತಾನೇ ಇದ್ದೀನಲ್ಲ, ಅದು ಕಾಣಲ್ವಾ ನಿನಗೆ?"

ಮಾತು ಸಿಗದಿದ್ದಾಗ ಹೂಂ ಅನ್ನುವುದು ಅಣ್ಣನಿಗೆ ಮೊದಲಿನಿಂದ ಅಭ್ಯಾಸ. ಹೂಂ ಅಂದಿದ್ದ.

ಈಗ ತಮ್ಮ ಬಾನೆಟ್ಟಿನ ಬಳಿ ಬಂದು ಪಿಸುಗುಟ್ಟಿದ. "ಆಯ್ತಾ?"

ಅಣ್ಣ ಪ್ಲೇಯರನ್ನು ಗಾಳಿಯಲ್ಲೇ ಒಮ್ಮೆ ಅದುಮಿದ. ಟಕ್ ಅಂತು. ತಂತಿ ಇದ್ದ ಹಾಗೇ ಇತ್ತು.

"ಆಯ್ತು. ಹುಷಾರು," ಅಂದು ಬಾನೆಟ್ ಮುಚ್ಚಿದ.

ತಮ್ಮ ಅವನ ಬೆನ್ನಿಗೊಂದು ಗುದ್ದಿ ಓಡಿದ. "ಲೋ ರಾಕೆಟ್, ಇವತ್ತು ನೀನು ನನ್ನ ಹೊಗೆ ಕುಡಿ ಬಾರೋ!"

ಊರೊಳಗೆ ಹೆಜ್ಜೆಗೊಂದು ಸಿಗ್ನಲ್. ಅಲ್ಲಿ ಯಾರ ಗಾಡಿಯೂ ಅರವತ್ತು ಮುಟ್ಟುವುದಿಲ್ಲ, ಆದ್ದರಿಂದ ತಮ್ಮನಿಗೆ ಏನೂ ಗೊತ್ತಾಗಲಿಲ್ಲ. ಸೇತುವೆ ದಾಟಿದ ಮೇಲೆ ರಸ್ತೆ ಅಗಲವಾಯಿತು. ಮುಂದೆ ಕಬ್ಬಿಣ ಹೇರಿಕೊಂಡ ಒಂದು ಉದ್ದನೆಯ ಲಾರಿ ಹೋಗುತ್ತಿತ್ತು. ರಾಕೆಟ್ ಅದನ್ನು ದಾಟಿದ, ಉಳಿದವರೂ ದಾಟಿದರು. ದಾಟಿದವರೆಲ್ಲ ತಮ್ಮನನ್ನು ಕರೆಯುವಂತೆ ಹಾರ್ನ್ ಹೊಡೆದರು. ಇಷ್ಟು ದಿನ ಇಂಥ ಲಾರಿಗಳ ಹಿಂದೆಯೇ ಉಳಿಯುತ್ತಿದ್ದವನು ಅವತ್ತು ಗಾಡಿಯನ್ನು ಪಕ್ಕಕ್ಕೆಳೆದು ಮುನ್ನುಗ್ಗಿದ. ಎದುರಿನಿಂದ ಬಸ್ಸು ಬರುತ್ತಿದ್ದದ್ದು ಕಂಡಿತ್ತು. ಮೂಗುದಾರವಿಲ್ಲದ ಗಾಡಿಗಾದರೆ ಅಷ್ಟು ದೂರ ಸಾಕು. ಲಾರಿಯ ಅರ್ಧಕ್ಕೆ ಬರುವಾಗ ಬಸ್ಸು ಮುಖದ ಮೇಲೆ ಬಂತು. ಅವನು ಹಿಂದೆ ಸರಿದು ಲಾರಿಯ ಬಾಲಕ್ಕೆ ಅಪ್ಪಳಿಸಿದ.

ಗಾಡಿಯ ಮೂತಿ ಅಪ್ಪಚ್ಚಿಯಾಗಿತ್ತು. ಪೆಟ್ಟಿಗೆ ಎಲ್ಲಿತ್ತು, ತಂತಿ ಎಲ್ಲಿತ್ತು ಎಂದು ಯಾರೂ ಹೇಳುವಂತಿರಲಿಲ್ಲ. ವಿಪರೀತ ಸ್ಪೀಡು ಅಂದರು ಪೊಲೀಸರು. ಕಂಪನಿಯವರೂ ಅದನ್ನೇ ಅಂದರು. ಆಸ್ಪತ್ರೆಗೆ ಬಂದ ಚಿಕ್ಕಪ್ಪ, "ಈಗಿನ ಹುಡುಗರಿಗೆ ಕಾಲು ನೆಲದ ಮೇಲೆ ನಿಲ್ಲಲ್ಲ," ಅಂದಾಗ ಅಣ್ಣ ತಲೆಯಾಡಿಸಿದ.

ತಮ್ಮನ ಸೊಂಟ ಮುರಿದಿತ್ತು, ಬಲಗಾಲಿಗೆ ಸರಳು ಹಾಕಿದ್ದರು. ಶೆಡ್ಡಿನವರು ಹಣ್ಣು ತಂದರು. "ಬೇಗ ಎದ್ದು ಬಾರೋ, ನೀನಿಲ್ದೆ ಶೆಡ್ಡು ಬಿಕೋ ಅಂತಿದೆ," ಅಂದು ರಾಕೆಟ್ ಅವನ ಕೂದಲು ಕೆದರಿದ. ಆದರೆ ಬಾಗಿಲಾಚೆ ಹೋದ ಮೇಲೆ ಅವನ ಧ್ವನಿ ಒಳಗೂ ಕೇಳಿತು. "ದಾಟೋಕೆ ಇಳಿದ್ಮೇಲೆ ಗಟ್ಟಿಯಾಗಿ ತುಳೀಬೇಕಪ್ಪ. ಅರ್ಧಕ್ಕೆ ಹೋಗಿ ಪುಕ್ಕಲುತನ ಮಾಡಿದ್ರೆ ಇನ್ನೇನಾಗುತ್ತೆ."

ತಮ್ಮ ಚಾವಣಿಯನ್ನೇ ನೋಡುತ್ತ ಮಲಗಿದ್ದ.

"ತಂತಿ ವಿಷಯ ಯಾರಿಗೂ ಹೇಳಿಲ್ಲ ಅಣ್ಣ. ಪೊಲೀಸರು ಕೆದಕಿ ಕೆದಕಿ ಕೇಳಿದ್ರು. ನಿನ್ನ ಹೆಸರು ಬರಲ್ಲ, ಹೆದರಬೇಡ."

ಅಣ್ಣ ಹಾಸಿಗೆಯ ಕಂಬಿ ಹಿಡಿದುಕೊಂಡ.

"ರಾಕೆಟ್ ಹೇಳಿದ್ದು ಸರಿ," ಎಂದ ತಮ್ಮ. "ಪೂರ್ತಿ ತುಳಿದಿದ್ದೆ ಅಂತಲೇ ನನಗೆ ನೆನಪು. ಸ್ಪೀಡಿನ ಮುಳ್ಳು ನೋಡೋಕೆ ಪುರುಸೊತ್ತೆಲ್ಲಿ, ಕಣ್ಣೆಲ್ಲ ಬಸ್ಸಿನ ಮೇಲೆ. ಆದ್ರೆ ತುಳಿದಿದ್ರೆ ಗಾಡಿ ಓಡ್ಬೇಕಿತ್ತಲ್ಲ? ನೀನು ಬಿಚ್ಚಿಕೊಟ್ಟಿದ್ದೆ. ನನಗೇ ಗೊತ್ತಿಲ್ದೆ ಕಾಲು ಹಿಂದೆ ಬಂದಿರ್ಬೇಕು. ಭಯ. ನಾನು ಪುಕ್ಕಲನೇ ಅಣ್ಣ."

"ಹಾಗೆಲ್ಲ ಅನ್ಬೇಡ."

"ಈ ಕಾಲು ಸರಿಹೋಗ್ಲಿ. ಅದೇ ರಸ್ತೆಗೆ ಹೋಗ್ತೀನಿ. ಈ ಸಲ ಏನೇ ಎದುರು ಬರಲಿ, ಕಾಲು ತೆಗೆಯಲ್ಲ." ಅವನ ಕಣ್ಣು ಹೊಳೆಯಿತು. "ಹೊಸ ಗಾಡಿಗೂ ನೀನೇ ಮಾಡಿಕೊಡ್ಬೇಕು."

ಹೇಳಬೇಕೆಂದರೆ ಒಂದೇ ಮಾತು ಸಾಕಾಗಿತ್ತು. ಆ ಮಾತಿನಿಂದ ತಮ್ಮನ ಮೇಲಿದ್ದ ತಪ್ಪು ಇಳಿದು ತನ್ನ ಮೇಲೆ ಕೂರುತ್ತದೆ ಎಂದು ಅಣ್ಣನಿಗೆ ಗೊತ್ತಿತ್ತು. ಅಮ್ಮ ಫ್ಲಾಸ್ಕು ಹಿಡಿದು ಒಳಗೆ ಬಂದಳು. "ಏನ್ರೋ ಗುಸುಗುಸು?" ಅಂದಳು.

"ಏನಿಲ್ಲಮ್ಮ," ಅಂದ ಅಣ್ಣ. ತಮ್ಮ ಅವನತ್ತ ನೋಡಿ ಕಣ್ಣು ಮಿಟುಕಿಸಿದ.

ಆಮೇಲೂ ಬೇಕಾದಷ್ಟು ಸಮಯವಿತ್ತು. ತಮ್ಮ ಊರುಗೋಲು ಹಿಡಿದು ನಡೆದ, ಅದನ್ನು ಬಿಟ್ಟು ನಡೆದ, ಪೆಡಲು ತುಳಿಯುವ ಹಾಗೆ ಬಲಗಾಲನ್ನು ಗೋಡೆಗೊತ್ತಿ ದಿನವೂ ಪಳಗಿಸಿದ. ಅಣ್ಣ ಪಕ್ಕದಲ್ಲಿ ನಿಂತು ಅವನ ತೋಳು ಹಿಡಿಯುತ್ತಿದ್ದ. ತಾನು ಆ ತಂತಿಯನ್ನು ಕತ್ತರಿಸಿಯೇ ಇರಲಿಲ್ಲವೆಂದೂ ತಮ್ಮನ ಕಾಲು ಹಿಂದೆ ಬಂದಿರಲಿಲ್ಲವೆಂದೂ ಅವನು ಯಾವತ್ತೂ ಹೇಳಲಿಲ್ಲ.